ತಿಂಗಳಿಗೆ ಎಷ್ಟು ಕಿಲೋಮೀಟರ್?

ಚೌಕಾಸಿ ನನಗೆ ಒಲಿದ ವಿದ್ಯೆಯಲ್ಲ. ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯಲ್ಲಿ, ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನೆದುರು ತರಕಾರಿಯವನು ಟೊಮೇಟೊಗೆ ಹದಿನೈದು ಎಂದರೆ, ಅಮ್ಮ ‘ಕ್ಯಾ ಭಯ್ಯಾ’ ಎಂಬ ಎರಡೇ ಶಬ್ದದಲ್ಲಿ ಅದನ್ನು ಹನ್ನೆರಡಕ್ಕಿಳಿಸಿ, ಮೇಲೊಂದು ಹಿಡಿ ಕೊತ್ತಂಬರಿಯನ್ನೂ ಹಾಕಿಸಿಕೊಂಡು ಬರುತ್ತಾಳೆ. ನಾನು ಹೋದರೆ ಹದಿನೈದೂ ಕೊಟ್ಟು, ಕೊತ್ತಂಬರಿಗೆ ಬೇರೆ ದುಡ್ಡನ್ನೂ ಕೊಟ್ಟು, ಅವನಿಗೆ ತೊಂದರೆಯಾಯಿತೇನೋ ಎಂದು ಯೋಚಿಸುತ್ತಾ ಮೆಟ್ಟಿಲು ಹತ್ತುತ್ತೇನೆ.

ಇಂಥ ನಾನು ಕಾರನ್ನು ಲೀಸಿಗೆ ತೆಗೆದುಕೊಳ್ಳಲು ಹೊರಟೆ ಎಂದಾಗ ಆಫೀಸಿನಲ್ಲಿ ಪಕ್ಕದ ಮೇಜಿನ ರಿತು ನಕ್ಕದ್ದು ಸಹಜವೇ. ಲೀಸ್ ಎಂದರೆ ಇಷ್ಟು: ಹೊಸ ಕಾರನ್ನು ಲೀಸ್ ಕಂಪನಿಯವರು ಕೊಳ್ಳುತ್ತಾರೆ, ನಾನು ಮೂರು ವರ್ಷ ಸಂಬಳದಿಂದ ಬಾಡಿಗೆ ಕಟ್ಟಿ ಓಡಿಸುತ್ತೇನೆ, ಆಮೇಲೆ ಹಿಂದಿರುಗಿಸುತ್ತೇನೆ. ಬಾಡಿಗೆ ಎಷ್ಟು ಎಂಬುದು ಮಾತಾಡಿ ಕುದುರಿಸಿಕೊಳ್ಳುವವರ ಸಾಮರ್ಥ್ಯ.

“ನೀನಾ? ಚೌಕಾಸಿನಾ? ಆಟೋದವನು ಅರವತ್ತು ಅಂದರೆ ಎಪ್ಪತ್ತು ಕೊಟ್ಟು ಥ್ಯಾಂಕ್ಯೂ ಅನ್ನೋಳು ನೀನು!” ಎಂದಳು ರಿತು. ಆಮೇಲೆ ಕನಿಕರಪಟ್ಟು ಒಂದೇ ಒಂದು ಉಪಾಯ ಹೇಳಿಕೊಟ್ಟಳು. “ಅವನು ರೇಟು ಹೇಳಿದ ಮೇಲೆ ಬಾಯಿ ಬಿಡಬೇಡ. ಗೋಡೆ ನೋಡ್ತಾ ಕೂತಿರು. ಅಷ್ಟೇ ಸಾಕು. ನಿನಗೆ ಅದೇನೂ ಕಷ್ಟ ಆಗಲ್ಲ.”

ಲೀಸ್ ಕಂಪನಿಯ ಆಫೀಸು ಗುಡಗಾಂವದ ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಜನವರಿಯ ಮಂಜು ಹನ್ನೊಂದು ಗಂಟೆಯಾದರೂ ಸರಿದಿರಲಿಲ್ಲ. ಮೆಟ್ಟಿಲಿಳಿಯುವಾಗ ಅದೂ ಒಂದೆರಡು ಮೆಟ್ಟಿಲು ನನ್ನ ಜೊತೆಗೇ ಇಳಿದು ಬಂದ ಹಾಗಿತ್ತು. ಕೆಳಗೆ ಒಂದು ಟ್ಯೂಬ್‌ಲೈಟು, ಒಂದು ಮೇಜು, ಮೇಜಿನ ಹಿಂದೆ ಸಕ್ಸೇನಾ ಎಂಬ ತೆಳ್ಳನೆಯ, ಮೆಲುದನಿಯ ಮನುಷ್ಯ. ಅವನ ಬೆನ್ನ ಹಿಂದೆ ಗಾಜಿನ ಗೋಡೆ, ಅದರಾಚೆ ಕತ್ತಲಲ್ಲಿ ಸಾಲಾಗಿ ನಿಂತ ಕಾರುಗಳು. ಲೀಸು ಮುಗಿದು ಹಿಂದಿರುಗಿದವು.

“ಇದೇ ಮಾಡೆಲ್ ಒಂದಿದೆ ಮೇಡಂ, ಕೂತು ನೋಡಿ” ಎಂದು ಅವನು ಒಂದರ ಬಾಗಿಲು ತೆರೆದ. ಕೂತೆ. ಸೀಟು ನನಗಿಂತ ಉದ್ದ ಕಾಲಿನ ಯಾರಿಗೋ ಹೊಂದಿಕೊಂಡಿತ್ತು. ಒಳಗಿನ ಕನ್ನಡಿಯನ್ನು ಕಣ್ಣಳತೆಗೆ ಸರಿಮಾಡಿಕೊಳ್ಳಲು ಹೋದವಳು ಕೈ ಹಿಂತೆಗೆದೆ. ಅದು ಹಿಂದಿನ ಗಾಜನ್ನು ತೋರಿಸುತ್ತಿರಲಿಲ್ಲ. ಹಿಂದಿನ ಸೀಟಿನ ನಟ್ಟನಡುವನ್ನು ತೋರಿಸುತ್ತಿತ್ತು. ಯಾರೋ ಮೂರು ವರ್ಷ ರಸ್ತೆಗಿಂತ ಹೆಚ್ಚಾಗಿ ಅಲ್ಲಿ ಕೂತ ಇನ್ಯಾರನ್ನೋ ನೋಡುತ್ತಾ ಈ ಕಾರು ಓಡಿಸಿದ್ದಾರೆ. ಸೀಟು ಖಾಲಿಯಿತ್ತು. ಆದರೂ ನಾನು ಕನ್ನಡಿ ಮುಟ್ಟದೆ, ಯಾರ ಮನೆಗೋ ಕರೆಯದೆ ನುಗ್ಗಿದವಳ ಹಾಗೆ ಮೆಲ್ಲಗೆ ಇಳಿದೆ.

ಸಕ್ಸೇನಾ ಬಾಡಿಗೆ ಹೇಳಿದ. ನಾನು ಗೋಡೆ ನೋಡಿದೆ. ಅವನು ಸ್ವಲ್ಪ ಹೊತ್ತು ಬಿಟ್ಟು ಇನ್ನೂರು ಇಳಿಸಿದ. ನಾನು ಗೋಡೆಯನ್ನೇ ನೋಡುತ್ತಿದ್ದೆ. ಇನ್ನೊಂದು ನೂರೈವತ್ತು ಇಳಿಯಿತು. ನನಗೆ ಒಳಗೊಳಗೇ ಹಿಗ್ಗು: ಹುಟ್ಟಿದಂದಿನಿಂದ ನನ್ನ ದೋಷವೆಂದೇ ಎಲ್ಲರೂ ಹೇಳಿದ ಮೌನಕ್ಕೆ ಇಷ್ಟು ಬೆಲೆಯಿದೆ ಎಂದು ಯಾರಿಗೆ ಗೊತ್ತಿತ್ತು! ಮೂರನೆಯ ಸಲ ಅವನೂ ಸುಮ್ಮನಾಗಿಬಿಟ್ಟ. ಟ್ಯೂಬ್‌ಲೈಟೊಂದೇ ಗುಂಯ್‌ಗುಡುತ್ತಿತ್ತು. ಮೌನದಲ್ಲಿ ಅವನು ನನಗಿಂತ ಪಳಗಿದವನು ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ ಮೇಡಂ?” ಎಂದ ಕೊನೆಗೆ.

ಲೀಸಿನ ಜೀವ ಇರುವುದು ಈ ಪ್ರಶ್ನೆಯಲ್ಲಿ. ಮೂರು ವರ್ಷದಲ್ಲಿ ಎಷ್ಟು ಓಡಿಸುತ್ತೇವೆಂದು ಮೊದಲೇ ಹೇಳಬೇಕು. ಹೇಳಿದ್ದಕ್ಕಿಂತ ಹೆಚ್ಚು ಓಡಿದರೆ ಕೊನೆಯಲ್ಲಿ ಕಿಲೋಮೀಟರಿಗೆ ಇಷ್ಟೆಂದು ದಂಡ. ನಾನು ಸಿದ್ಧವಾಗಿಯೇ ಹೋಗಿದ್ದೆ. ಮನೆಯಿಂದ ಆಫೀಸಿಗೆ ಹೋಗಿಬರಲು ನಲವತ್ತೆರಡು, ಇಪ್ಪತ್ತೆರಡು ದಿನಕ್ಕೆ ಒಂಬೈನೂರ ಇಪ್ಪತ್ತನಾಲ್ಕು. ಪೇಟೆ, ಬ್ಯಾಂಕು, ದೇವಸ್ಥಾನಕ್ಕೆಂದು ಐವತ್ತಾರು. “ಒಂಬೈನೂರ ಎಂಬತ್ತು” ಎಂದೆ.

ಅವನು ಅದನ್ನು ಬರೆದುಕೊಂಡು, ಪೆನ್ಸಿಲಿನಲ್ಲಿ ಪಕ್ಕದಲ್ಲೇ ಇನ್ನೊಂದು ಅಂಕಿ ಬರೆದು ಕಾಗದವನ್ನು ನನ್ನ ಕಡೆ ತಿರುಗಿಸಿದ: 1280.

“ಇದು ಯಾಕೆ?”

“ಎಲ್ಲರೂ ಒಂದು ಜಾಗ ಬಿಟ್ಟು ಹೇಳ್ತಾರೆ ಮೇಡಂ. ಅದನ್ನ ನಾನು ಸೇರಿಸ್ಕೋತೀನಿ.”

ತಿಂಗಳು ತಿಂಗಳೂ ಪ್ರತಿ ಕಾರಿನ ಮೀಟರನ್ನು ಬರೆದಿಟ್ಟುಕೊಳ್ಳುವುದು ಅವನ ಕೆಲಸವಂತೆ. ರೋಹಿಣಿ ಬಡಾವಣೆಯ ಒಬ್ಬ ಸಾಹೇಬರು ಮನೆ ಮತ್ತು ಆಫೀಸು, ಇನ್ನೆಲ್ಲಿಗೂ ಇಲ್ಲ ಎಂದು ಬರೆದುಕೊಟ್ಟಿದ್ದರು. ಮೀಟರು ಪ್ರತಿ ತಿಂಗಳೂ ಇನ್ನೂರ ಹನ್ನೆರಡು ಹೆಚ್ಚು ತೋರಿಸುತ್ತಿತ್ತು. ಇನ್ನೂರ ಹತ್ತಲ್ಲ, ಇನ್ನೂರ ಹದಿನೈದಲ್ಲ. ಹೋಳಿ, ದೀಪಾವಳಿ, ಮಳೆ, ಮಂಜು, ಯಾವುದಕ್ಕೂ ತಪ್ಪಲಿಲ್ಲ. ಇಪ್ಪತ್ತೊಂಬತ್ತು ತಿಂಗಳು.

“ಆಮೇಲೆ?”

“ಆಮೇಲಿನ ಏಳು ತಿಂಗಳು ಸೊನ್ನೆ. ಮನೆ, ಆಫೀಸು, ಅಷ್ಟೇ.”

“ಎಲ್ಲಿಗೆ ಹೋಗ್ತಿದ್ದರು ಅವರು?”

“ಮೀಟರಿಗೆ ಎಷ್ಟು ಅಂತ ಗೊತ್ತಿರುತ್ತೆ ಮೇಡಂ. ಎಲ್ಲಿಗೆ ಅಂತ ಗೊತ್ತಿರಲ್ಲ.” ಅವನು ಗಾಜಿನಾಚೆ ಕೈ ತೋರಿಸಿದ. “ನೀವು ಕೂತು ನೋಡಿದ್ದು ಅದೇ ಗಾಡಿ.”

ನನ್ನ ಜೀವಮಾನದ ಏಕೈಕ ಚೌಕಾಸಿಯ ಪ್ರಶ್ನೆಯನ್ನು ಆಗ ಕೇಳಿದೆ. “ನೀವು ಬರೆದದ್ದಕ್ಕಿಂತ ಕಡಿಮೆ ಓಡಿದರೆ ದುಡ್ಡು ವಾಪಸ್ ಕೊಡ್ತೀರಾ?”

“ಖಂಡಿತ ಕೊಡ್ತೀವಿ. ಬರೆದುಕೊಡ್ತೀನಿ” ಎಂದ ಸಕ್ಸೇನಾ, ಬಲು ಮೃದುವಾಗಿ. “ಯಾರದೂ ಕಡಿಮೆ ಓಡಿಲ್ಲ.”

ಚಾರ್ಟರ್ಡ್ ಬಸ್ಸಿನಲ್ಲಿ ಮನೆಗೆ ಬರುವಾಗ ಟಿಕೆಟಿನ ಹಿಂದೆ ಲೆಕ್ಕ ಮಾಡಿದೆ. ಭಾನುವಾರ ಫರೀದಾಬಾದಿಗೆ ಹೋಗಲು ಮೂವತ್ತೇಳು, ಬರಲು ಮೂವತ್ತೇಳು. ನಾಲ್ಕು ಭಾನುವಾರಕ್ಕೆ ಇನ್ನೂರ ತೊಂಬತ್ತಾರು. ಪೆನ್ಸಿಲಿನ ಮನುಷ್ಯ ತಪ್ಪಿದ್ದು ನಾಲ್ಕೇ ಕಿಲೋಮೀಟರು. ಅಲ್ಲಿಗೆ ಈವರೆಗೆ ನಾನು ಹೋದದ್ದೆಲ್ಲ ಬಸ್ಸಿನಲ್ಲಿ. ಯಾವ ಮೀಟರೂ ನನ್ನನ್ನು ಅಳೆದಿರಲಿಲ್ಲ. ಕಿಟಕಿಯಾಚೆ ಮಂಜಿನಲ್ಲಿ ಯಾರೋ ನನ್ನ ಹೆಸರು ಹಿಡಿದು ಕರೆದಂತಾಯಿತು.

ನಮ್ಮ ಮನೆಗೆ ಗೊತ್ತಿಲ್ಲದ ಆ ಊರಿನ ವಿಷಯ ಹೀಗೆ. ನಮ್ಮಲ್ಲಿ ಒಂದು ಹಳೆಯ ಫೋಟೋ ಇದೆ. ಅದರಲ್ಲಿ ಅಪ್ಪನ ಹೆಗಲ ಮೇಲೆ ಒಂದು ಕೈ ಇದೆ, ಎರಡು ಗಾಜಿನ ಬಳೆ ತೊಟ್ಟದ್ದು, ಕೈಯವರು ಇಲ್ಲ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಚಿಕ್ಕವಳಿದ್ದಾಗ ಆ ಕೈ ನನ್ನನ್ನು ಹೆದರಿಸುತ್ತಿತ್ತು. ಅದು ಅಪ್ಪನ ತಂಗಿ ಸುಮತಿ ಅತ್ತೆಯದು. ನಾನು ನಾಲ್ಕು ವರ್ಷದವಳಿದ್ದಾಗ ಅವರು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಪಂಜಾಬಿ ಇಂಜಿನಿಯರರನ್ನು ಮದುವೆಯಾಗಿ ಲೂಧಿಯಾನಾಕ್ಕೆ ಹೋದರು. ಜಗಳ, ಶಾಪ ಯಾವುದೂ ಆಗಲಿಲ್ಲವಂತೆ. ಹೆಸರು ಹೇಳುವುದು ನಿಂತಿತು, ಅಷ್ಟೇ. ಇಪ್ಪತ್ತೆರಡು ವರ್ಷ ಒಂದು ಹೆಸರನ್ನು ಹೇಳದಿದ್ದರೆ ಅದು ಮನೆಯಲ್ಲೇ ಎಲ್ಲೋ ಕೂತಿರುತ್ತದೆ. ಎಲ್ಲರೂ ಅದಕ್ಕೆ ತಾಗದಂತೆ ಸುತ್ತಿಬಳಸಿ ಓಡಾಡುತ್ತಾರೆ.

ಎರಡು ವರ್ಷದ ಹಿಂದೆ ಒಂದು ಕರಕುಶಲ ಮೇಳದಲ್ಲಿ ಮಡಕೆಗಳನ್ನು ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಹೆಂಗಸಿನ ದನಿ: “ನೀನು ಶ್ರೀನಿವಾಸನ ಮಗಳಲ್ವಾ?” ತಿರುಗಿದರೆ ಸಲ್ವಾರ್ ತೊಟ್ಟ ಅಪರಿಚಿತೆ. ಅವರು ನನ್ನ ಮುಖವನ್ನು ಇನ್ನೂ ನೋಡಿರಲಿಲ್ಲ! ಬೆನ್ನ ಹಿಂದೆ ಕೈ ಕಟ್ಟಿ, ಒಂದು ಕಾಲಿಗೆ ಭಾರ ಹಾಕಿ ನಿಂತದ್ದನ್ನು ನೋಡಿ ಗುರುತು ಹಿಡಿದಿದ್ದರು. ಅಪ್ಪ ನಿಲ್ಲುವುದು ಹಾಗೆಯೇ. ಮುಂದೆ ಕೇಳಿದ್ದು, “ಅಮ್ಮ ಹೇಗಿದ್ದಾಳೆ?” ಅವರ ಅಮ್ಮ, ಎಂದರೆ ನನ್ನ ಅಜ್ಜಿ, ತೀರಿಕೊಂಡು ಆಗ ಆರು ವರ್ಷ. ತಿಳಿಸೋಣವೆಂದರೆ ನಮ್ಮ ಮನೆಯಲ್ಲಿ ಅವರ ವಿಳಾಸವಿರಲಿಲ್ಲ. ಆ ಮಾತನ್ನು ಮಡಕೆಗಳ ನಡುವೆ ನಿಂತು ನಾನೇ ಹೇಳಬೇಕಾಯಿತು.

ಅಂದಿನಿಂದ ಪ್ರತಿ ಭಾನುವಾರ ಲೈಬ್ರರಿಗೆಂದು ಹೇಳಿ ಫರೀದಾಬಾದಿಗೆ ಹೋಗುತ್ತೇನೆ. ಗಂಡನಿಗೆ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅವರು ಬಂದು ಈಗ ಎಂಟು ವರ್ಷ ದಾಟಿದೆ. ಅತ್ತೆಯ ಕನ್ನಡ ಅವರು ಮನೆ ಬಿಟ್ಟ ದಿನಕ್ಕೇ ನಿಂತಿದೆ. ಅಜ್ಜಿ ಮಾತ್ರ ಆಡುತ್ತಿದ್ದ ಮಾತುಗಳು ಆ ಅಡುಗೆಮನೆಯಿಂದ ಕೇಳಿಬಂದಾಗ, ಎದ್ದುಹೋಗಿ ಯಾರೆಂದು ನೋಡಿಬರಬೇಕೆನಿಸುತ್ತದೆ. ಹೊರಡುವಾಗ ಗೇಟಿನ ಹತ್ತಿರ, ಬೇರೆ ಕಡೆ ನೋಡುತ್ತಾ, ಒಂದೇ ಪ್ರಶ್ನೆ: “ಅಣ್ಣ ಹೇಗಿದ್ದಾನೆ?” “ಚೆನ್ನಾಗಿದ್ದಾರೆ” ಎನ್ನುತ್ತೇನೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಆ ರಸ್ತೆಯ ಬದಿಯಲ್ಲಿ ಮೊಗಲರ ಕಾಲದ ಕೋಸ್ ಮಿನಾರುಗಳಿವೆ. ಒಂದು ಕೋಸಿಗೆ, ಎಂದರೆ ಸುಮಾರು ಮೂರು ಕಿಲೋಮೀಟರಿಗೆ, ಒಂದರಂತೆ ದಾರಿಹೋಕರಿಗೆ ದೂರ ತಿಳಿಸಲು ಕಟ್ಟಿಸಿದ ಕಂಬಗಳು. ಮಂಜಿನಲ್ಲಿ ಅವು ಇದ್ದಕ್ಕಿದ್ದಂತೆ ಪಕ್ಕದಲ್ಲಿ ನಿಂತಿರುತ್ತವೆ, ಬಂದವರನ್ನೆಲ್ಲ ಎಣಿಸುತ್ತಿರುವಂತೆ. ನಮ್ಮವರು ದೂರವನ್ನು ಅಳೆಯುತ್ತಿದ್ದದ್ದು ಬೇರೆ ಥರ: ಕೂಗಳತೆ. ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಕೇಳಿಸುವಷ್ಟು. ಆ ಅಳತೆಗೆ ಕಂಬ ಬೇಡ, ಮೀಟರು ಬೇಡ. ಯಾರಾದರೊಬ್ಬರು ಕೂಗಬೇಕು, ಅಷ್ಟೇ. ಇಬ್ಬರೂ ಕೂಗದೇ ಇದ್ದರೆ ಪಕ್ಕದ ಕೋಣೆಯೂ ಎಷ್ಟು ದೂರವೆಂದು ಹೇಳಲಾಗದು.

ಲೀಸಿನ ಫಾರಂ ಬಂತು, ಹನ್ನೊಂದು ಪುಟ. ನಾನು ಕೆಲಸಕ್ಕೆ ಹೊಸಬಳಾದ್ದರಿಂದ ಮನೆಯ ಹಿರಿಯರೊಬ್ಬರು ಜಾಮೀನಾಗಿ ಪ್ರತಿ ಪುಟಕ್ಕೂ ಸಹಿ ಹಾಕಬೇಕು. ನಾಲ್ಕನೆಯ ಪುಟದಲ್ಲಿ ಕೋಷ್ಟಕ: ಎಲ್ಲಿಂದ, ಎಲ್ಲಿಗೆ, ತಿಂಗಳಿಗೆ ಎಷ್ಟು ಕಿಲೋಮೀಟರ್. ಸಕ್ಸೇನಾಗೆ ಫೋನು ಮಾಡಿ ಊರಿನ ಹೆಸರು ಬರೆಯಲೇಬೇಕೇ ಎಂದು ಕೇಳಿದೆ. “ಬೇಡ ಮೇಡಂ. ‘ಇತರೆ’ ಅಂತ ಬರೀರಿ. ಎಲ್ಲರೂ ಅದನ್ನೇ ಬರೆಯೋದು” ಎಂದ.

ಅವನಿಗೆ ನನ್ನ ಅಪ್ಪ ಗೊತ್ತಿರಲಿಲ್ಲ. ಅಪ್ಪ ಕೇಂದ್ರ ಸರ್ಕಾರದ ಲೆಕ್ಕಪರಿಶೋಧನೆಯಲ್ಲಿ ಮೂವತ್ತನಾಲ್ಕು ವರ್ಷ ಇದ್ದು ನಿವೃತ್ತರಾದವರು. ಆ ಮೂವತ್ತನಾಲ್ಕು ವರ್ಷವೂ ಅವರು ಬೇಟೆಯಾಡಿದ್ದು ‘ಇತರೆ’ ಎಂಬ ಒಂದೇ ಮೃಗವನ್ನು. ಒಂಬೈನೂರ ಎಂಬತ್ತು ಎಂದು ಸುಳ್ಳು ಬರೆದರೆ ಅಪ್ಪನ ಕಣ್ಣು ತಪ್ಪಿಸಬಹುದಿತ್ತು. ಆದರೆ ಮೂರು ವರ್ಷ ಸೀಟಿನ ಮುಂದೆ ಆ ಸುಳ್ಳು ಕಿಲೋಮೀಟರು ಕಿಲೋಮೀಟರಾಗಿ ಬೆಳೆಯುವುದನ್ನು ನೋಡುತ್ತಾ ಓಡಿಸಬೇಕು. ಗಾಜಿನಾಚೆ ಕತ್ತಲಲ್ಲಿ ನಿಂತಿದ್ದ ಕಾರಿನ ನೆನಪಾಯಿತು. ಆ ಸಾಹೇಬರು ಯಾರಿಗಾದರೂ ಹೇಳಿದ್ದರೋ ಇಲ್ಲವೋ, ಸೊನ್ನೆಯ ಆ ಏಳು ತಿಂಗಳು ಅವರ ಜೊತೆ ಯಾರಾದರೂ ಕೂತಿದ್ದರೋ ಇಲ್ಲವೋ. ‘ಇತರೆ: 296’ ಎಂದು ಬರೆದು, ಫಾರಂ ಅಪ್ಪನ ಮುಂದಿಟ್ಟೆ.

ಶನಿವಾರ ಮಧ್ಯಾಹ್ನ. ಬಾಲ್ಕನಿಯಲ್ಲಿ ಬಿಸಿಲಿನ ಹೆಸರಿನಲ್ಲಿ ಒಂದು ಬಿಳಿ ಮಬ್ಬು. ಅಪ್ಪ ಕೋಣೆಯಲ್ಲಿ ಕೂತು, ಕೆಂಪು ಪೆನ್ಸಿಲು ಹಿಡಿದು ಮೂರು ಪುಟ ಓದಿ, ಪೆನ್ನಿನಲ್ಲಿ ಸಹಿ ಹಾಕಿದರು. ನಾಲ್ಕನೆಯ ಪುಟದಲ್ಲಿ ಪೆನ್ಸಿಲು ನಿಂತಿತು.

“ಇತರೆ ಅಂದರೆ?”

“ಫರೀದಾಬಾದ್.”

“ಅಲ್ಲಿ ಯಾರಿದ್ದಾರೆ ಪುಟ್ಟಿ?”

“ಸುಮತಿ ಅತ್ತೆ.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ನಿಜ ಹೇಳುತ್ತೇನೆ, ಆ ಹೆಸರು ಹೇಳಿದ ಕ್ಷಣ ಕೋಣೆಯಲ್ಲಿ ಇನ್ನೊಬ್ಬರು ಬಂದು ನಿಂತಂತಾಯಿತು. ತಲೆ ಎತ್ತಿ ನೋಡುವ ಧೈರ್ಯ ನನಗಾಗಲಿಲ್ಲ. ಅಪ್ಪ ಮಾತ್ರ ಬಾಗಿಲ ಕಡೆ ನೋಡಿದರು.

“ಅವಳು ಲೂಧಿಯಾನಾದಲ್ಲಿರೋದಲ್ವಾ?” ಎಂದರು. ದನಿ ಸಣ್ಣದಾಗಿತ್ತು.

“ಎಂಟು ವರ್ಷ ದಾಟಿತು, ಇಲ್ಲೇ ಇದ್ದಾರೆ. ನಾನು ಭಾನುವಾರ ಹೋಗೋದು ಅಲ್ಲಿಗೇ.”

ಅಪ್ಪ ಇನ್ನೂರ ತೊಂಬತ್ತಾರನ್ನು ನಾಲ್ಕರಿಂದ ಭಾಗಿಸಿದರು. ಬಂದದ್ದನ್ನು ಎರಡರಿಂದ ಭಾಗಿಸಿದರು. ಮೂವತ್ತೇಳು ಎಂದು ಬಂತು. ಆ ಅಂಕಿಯನ್ನು, ತಪ್ಪು ಸಿಕ್ಕೀತೇನೋ ಎಂಬಂತೆ, ಬಹಳ ಹೊತ್ತು ನೋಡಿದರು. ಸಕ್ಸೇನಾ ಮತ್ತು ನಾನು ಇಬ್ಬರೂ ಸೇರಿದರೂ ಅಷ್ಟು ಹೊತ್ತು ಸುಮ್ಮನಿರಲಾರೆವು. ಆಮೇಲೆ ‘ಇತರೆ’ಯನ್ನು ಹೊಡೆದುಹಾಕಿ, ಮೇಲೆ ಅವರ ಗುಂಡನೆಯ ಅಕ್ಷರದಲ್ಲಿ ‘ಫರೀದಾಬಾದ್’ ಎಂದು ಬರೆದರು. ಸಹಿ ಹಾಕಲು ಹೋದವರು ಮತ್ತೆ ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಒಬ್ಬರ ಬದಲು ಇಬ್ಬರು ಕೂತು ಹೋದರೆ ಕಿಲೋಮೀಟರು ಜಾಸ್ತಿ ಆಗುತ್ತಾ?”

“ಇಲ್ಲಪ್ಪ,” ಎಂದೆ, “ಅಷ್ಟೇ ಆಗುತ್ತೆ.”

“ಎಲ್ಲಿ, ಷರತ್ತು ತೋರಿಸು” ಎಂದು ಅಪ್ಪ ಉಳಿದ ಏಳು ಪುಟವನ್ನೂ ಓದಿ ನೋಡಿದರು. ಅಂಥ ಷರತ್ತು ಎಲ್ಲಿಯೂ ಇರಲಿಲ್ಲ. ಬಾಡಿಗೆಯಲ್ಲಿ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಸಹಿ ಹಾಕಿದರು.