ನೆವಿಲ್‌ನ ಮೂರು ನಿಮಿಷ

ನೆವಿಲ್ ಗ್ರೈಸ್ ನಮ್ಮ ಟೀವಿ ಕಾರ್ಯಕ್ರಮದಲ್ಲಿ ಹದಿನೆಂಟು ವರ್ಷ ದುಡಿದ, ಒಮ್ಮೆಯೂ ಟೀವಿಯಲ್ಲಿ ಕಾಣಿಸಲಿಲ್ಲ. ವಾರದ ರಾಜಕೀಯವನ್ನು ಗೇಲಿ ಮಾಡುವ ಹಾಸ್ಯ ಕಾರ್ಯಕ್ರಮ ನಮ್ಮದು. ಮ್ಯಾಂಚೆಸ್ಟರಿನಲ್ಲಿ ಪ್ರತಿ ಗುರುವಾರ ಸಂಜೆ ಚಿತ್ರೀಕರಣ, ಮರುದಿನ ರಾತ್ರಿ ಪ್ರಸಾರ. ಮಳೆಯಲ್ಲಿ ಸಾಲು ನಿಂತು ಒಳಬಂದ ಮುನ್ನೂರು ಜನ ಒದ್ದೆ ಕೋಟಿನಲ್ಲಿ ಮುಖ ಗಂಟಿಕ್ಕಿ ಕೂತಿರುತ್ತಾರೆ. ಕ್ಯಾಮೆರಾ ಶುರುವಾಗುವ ಮೊದಲು ಅವರನ್ನು ನಗಿಸಿ ಹದಕ್ಕೆ ತರುವವನು ನೆವಿಲ್. ಆಮೇಲೆ ಇವನು ಪರದೆಯ ಹಿಂದೆ, ಚಪ್ಪಾಳೆ ಬೇರೆಯವರಿಗೆ. ಗೆದ್ದಲು ಕಟ್ಟಿದ ಹುತ್ತ, ಸೇರಿಕೊಳ್ಳುವುದು ಹಾವು.

ನಾನು ಅಲ್ಲಿ ಧ್ವನಿಮುದ್ರಣದವಳು. ಅವನ ಜೋಕು ಕೇಳಿ ಕೇಳಿ ಕಿವಿ ಸವೆದಿದೆ.

"ಇದ್ದಿದ್ದೆಲ್ಲಾ ಸುರಿದುಬಿಡ್ತೀಯಲ್ಲೋ, ಒಂದೆರಡಾದ್ರೂ ಇಟ್ಕೋ ಮಾರಾಯ," ಎಂದರೆ, "ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?" ಎನ್ನುತ್ತಿದ್ದ.

ಅವನಿಗಿದ್ದದ್ದು ಒಂದೇ ಆಸೆ. ಕಾಲಿನ ಸ್ವಾಧೀನ ತಪ್ಪಿ ಮನೆ ಹಿಡಿದ ಹೆಂಡತಿ ಬೆರಿಲ್ ತನ್ನನ್ನೊಮ್ಮೆ ಟೀವಿಯಲ್ಲಿ ನೋಡಬೇಕು.

ನವೆಂಬರಿನ ಒಂದು ಗುರುವಾರ, ಕುರ್ಚಿಗೆ ಅಂಟಿಕೊಂಡ ಮಂತ್ರಿಯೊಬ್ಬನ ಮೇಲೆ ಒಂದು ಪ್ರಹಸನ ಸಿದ್ಧವಾಗಿತ್ತು. ನೆವಿಲ್ ಜನರನ್ನು ನಗಿಸಿ ಮುಗಿಸಿದ್ದ. ಚಿತ್ರೀಕರಣ ಅರ್ಧಕ್ಕೆ ಬಂದಾಗ ಆ ಮಂತ್ರಿ ಪುಣ್ಯಾತ್ಮ ರಾಜೀನಾಮೆ ಕೊಟ್ಟ! ಪ್ರಹಸನ ಅಲ್ಲೇ ಹಳಸಿತು.

ನಿರ್ಮಾಪಕಿ ಫ್ರಾನ್ ಓಡಿಬಂದಳು. "ನೆವಿಲ್, ಮೂರು ನಿಮಿಷ ತುಂಬಿಸ್ತೀಯಾ? ಕ್ಯಾಮೆರಾ ಮುಂದೆ."

ಅವನು ಮೊದಲು ಮನೆಗೆ ಫೋನ್ ಮಾಡಿದ. "ನಾಳೆ ಟೀವಿ ಹಚ್ಚೇ ಬೆರಿಲ್, ನಾನು ಬರ್ತೀನಿ." ಆಮೇಲೆ ಟೈ ಸರಿಮಾಡಿಕೊಂಡ.

ಬೆಳಕಿನಲ್ಲಿ ನಿಂತು ತನ್ನ ಅತ್ಯುತ್ತಮ ಜೋಕು ತೆಗೆದ. ಮುಂದಿನ ಸಾಲಿನ ಮುದುಕನೊಬ್ಬ, "ಅದನ್ನ ಆಗ್ಲೇ ಹೇಳಿದ್ರಲ್ಲಾ!" ಎಂದ.

ಅಯ್ಯೋ, ನಮಗ್ಯಾರಿಗೂ ಅದು ಹೊಳೆದೇ ಇರಲಿಲ್ಲ. ಅವನ ಬಳಿಯಿದ್ದ ಅಷ್ಟನ್ನೂ ಇದೇ ಜನ ಒಂದು ಗಂಟೆಯ ಹಿಂದೆ ಕೇಳಿ ನಕ್ಕಿದ್ದರು. ಎರಡನೆಯ ಜೋಕಿಗೆ ಪಾಪ ಎಂದು ನಕ್ಕರು. ಮೂರನೆಯದಕ್ಕೆ ಅದೂ ಇಲ್ಲ. ನನಗೆ ಹೆಡ್‌ಫೋನ್ ಕಿತ್ತೆಸೆಯಬೇಕು ಅನಿಸಿತು.

ಮರುದಿನ ಬೆಳಿಗ್ಗೆ ಫ್ರಾನ್ ಅವನ ಮೂರೂ ನಿಮಿಷ ಕತ್ತರಿಸಿದಳು. ಆ ಜಾಗಕ್ಕೆ ನಮ್ಮ ಮುಖ್ಯ ಹಾಸ್ಯಗಾರನ ಮಾತನ್ನೇ ಎಳೆದು ತುಂಬಿಸಿದಳು. ಅದೂ ಸಪ್ಪೆಯೇ.

"ಹಿಂದೆ ಸ್ವಲ್ಪ ಜನರ ನಗು ಹಾಕೇ," ಎಂದಳು.

ಚಿತ್ರೀಕರಣಕ್ಕೆ ಮೊದಲು ನೆವಿಲ್ ಎಬ್ಬಿಸಿದ್ದ ನಗು ಮುದ್ರಣವಾಗಿ ನನ್ನ ಬಳಿ ಇತ್ತು. ಅದನ್ನೇ ಹಾಕಿದೆ.

ಮುಂದಿನ ಗುರುವಾರ ಅವನು ಚಹಾ ಹಿಡಿದು ನನ್ನ ಪಕ್ಕ ಕುಸಿದು ಕೂತ.

"ಬೈಯೋದಿದ್ರೆ ಬೈದುಬಿಡು," ಎಂದೆ.

"ಬೈಯೋಕೂ ತ್ರಾಣ ಇಲ್ಲ ಕಣೇ. ಆವತ್ತು ಮೊದಲು ನನ್ನ ಜೋಕಿಗೆ ಒಬ್ಬಳು ಹಂದಿ ಥರಾ ಗುರ್ ಅಂತ ನಕ್ಕಿದ್ಲಲ್ಲ, ಟೀವೀಲಿ ಅದು ಬಂದ ತಕ್ಷಣ ಗೊತ್ತಾಯ್ತು. ಬೆರಿಲ್‌ಗೆ ಹೇಳ್ದೆ, ಈ ನಗು ನಂದು ಅಂತ."

"ಅವಳೇನಂದ್ಲು?"

"ಹಾಗಾದ್ರೆ ಆ ಹಾಸ್ಯಗಾರನ ಮುಖ ಯಾಕೆ ನೋಡ್ಬೇಕು, ಟೀವಿ ಮೇಲೆ ಟವೆಲ್ ಹಾಕು ಅಂದ್ಲು. ರೆಕಾರ್ಡಿಂಗ್ ಇನ್ನೊಂದ್ಸಲ ಹಚ್ಚಿ, ಇಬ್ರೂ ಬರೀ ನಗು ಕೇಳಿದ್ವಿ."