ಇಪ್ಪತ್ತು ಹೆಜ್ಜೆ

ಕಳೆದ ಭಾನುವಾರ ಬೆಳಿಗ್ಗೆ ಜೆ.ಪಿ. ನಗರದ ಆಟದ ಸಾಮಾನಿನ ಅಂಗಡಿಯೊಂದರ ಗೋಡೆಯ ಮೇಲೆ ಮರದ ತಲೆಯ ಹಳೆಯ ಗಾಲ್ಫ್ ಕೋಲೊಂದನ್ನು ನೋಡಿದೆ. ಅಲಂಕಾರಕ್ಕೆ ನೇತುಹಾಕಿದ್ದರು. ತಲೆಯೂ ದಂಡವೂ ಸೇರುವಲ್ಲಿ ಮೇಣ ಸವರಿದ ಕಪ್ಪು ದಾರವನ್ನು ಒತ್ತೊತ್ತಾಗಿ ಸುತ್ತಿದ್ದರು. ಅದರ ಕೆಳಗೆ ಸೇಲ್ಸ್‌ಮನ್ ಹೊಸ ಕೋಲೊಂದನ್ನು ಗಿರಾಕಿಯ ಕೈಗೆ ಕೊಟ್ಟು, “ಇದ್ರಲ್ಲಿ ಹೊಡೀರಿ ಸಾರ್, ಗ್ಯಾರಂಟಿ ದೂರ ಹೋಗತ್ತೆ” ಎನ್ನುತ್ತಿದ್ದ.

ಅಂಥ ದಾರ ಸುತ್ತುವುದನ್ನು ನಾನು ನೋಡಿದ್ದು ಅರವತ್ತರ ದಶಕದಲ್ಲಿ, ತಿಲಕ್ ನಗರದ ನಮ್ಮ ಎದುರು ಮನೆಯ ಜಗಲಿಯ ಮೇಲೆ. ಎದುರು ಮನೆಯಾತ ಕ್ಯಾಡಿ. ಗಾಲ್ಫ್ ಆಡುವವರ ಕೋಲುಗಳ ಚೀಲ ಹೊರುವುದು, ಮುಂದೆ ಹೋಗಿ ನಿಂತು ಚೆಂಡು ಎಲ್ಲಿ ಬಿತ್ತೆಂದು ನೋಡುವುದು, ಸಡಿಲಾದ ಕೋಲುಗಳನ್ನು ಮನೆಗೆ ತಂದು ದಾರ ಸುತ್ತುವುದು ಆತನ ಕೆಲಸ. ಬೆಳಗಾಗುತ್ತಲೇ ಎದೆಗೆ ಕ್ಲಬ್ಬಿನವರು ಕೊಟ್ಟ ಹಿತ್ತಾಳೆ ಬಿಲ್ಲೆ ಸಿಕ್ಕಿಸಿಕೊಂಡು, ಸೈಕಲ್ ತುಳಿದು ಊರಿನ ಆ ತುದಿಯ ಮೈದಾನಕ್ಕೆ ಹೊರಡುತ್ತಿದ್ದ. ಕಾಲಿಗೆ ಚಪ್ಪಲಿ ಹಾಕಿದ್ದನ್ನು ನೋಡಿದ ನೆನಪಿಲ್ಲ...

ಆತ ಚೀಲ ಹೊರುತ್ತಿದ್ದುದು ಕಾರ್ಖಾನೆಯೊಂದರ ಮ್ಯಾನೇಜರಿಗೆ. ಆತನ ಬಾಯಲ್ಲಿ ಅವರು ಸಾಹೇಬ್ರು. ಕಾರ್ಖಾನೆಯಲ್ಲಿ ವಾಚ್‌ಮನ್ ಕೆಲಸ ಕೊಡಿಸುವುದಾಗಿ ಮಾತು ಕೊಟ್ಟಿದ್ದರು. ಕಾಯಂ ಕೆಲಸ, ಮಳೆಗಾಲದಲ್ಲೂ ಸಂಬಳ ನಿಲ್ಲದ ಕೆಲಸ. ಆಟ ಚೆನ್ನಾಗಿ ಆದ ದಿನ ಸಾಹೇಬರು ಆ ಮಾತು ಎತ್ತುತ್ತಿದ್ದರು. ಆಗದ ದಿನ ಇಲ್ಲ.

ಒಂದು ವರ್ಷ ಸಾಹೇಬರು ವಿದೇಶದಿಂದ ಅಲ್ಯೂಮಿನಿಯಂ ದಂಡದ ಹೊಸ ಕೋಲುಗಳನ್ನು ತರಿಸಿದರು. ಹಳೆಯದಕ್ಕಿಂತ ಚೆಂಡು ಬಹಳ ದೂರ ಹೋಗುತ್ತದೆ ಎಂದು ಸಿಕ್ಕವರಿಗೆಲ್ಲ ಹೇಳಿದರು. ನಾನಾಗ ಪತ್ರಿಕೆಯೊಂದರಲ್ಲಿ ಹೊಸ ವರದಿಗಾರ. ಇಂಥ ಕೋಲಿನಿಂದ ಹವ್ಯಾಸಕ್ಕೆ ಆಡುವವರಿಗೆ ನಿಜಕ್ಕೂ ಲಾಭವಿದೆಯೇ, ಬರೆ ಎಂದರು ಸಂಪಾದಕರು. ಸಾಹೇಬರನ್ನು ಕಂಡು ಬಂದೆ. ಸಂಜೆ ಎದುರು ಮನೆಯ ಜಗಲಿಯಲ್ಲಿ ಕೂತು ಅದನ್ನೇ ಕೇಳಿದೆ.

ಆತ ನಕ್ಕ. “ಕೋಲು ಹೊಸದು ಸಾರ್, ಸೊಂಟ ಹಳೇದೇ ಅಲ್ವಾ? ದಿನಾ ಆಡೋರು ಹೊಡುದ್ರೆ ನಾಕು ಹೆಜ್ಜೆ ಜಾಸ್ತಿ ಹೋಗ್ಬೋದು. ನಮ್ ಸಾಹೇಬ್ರಿಗೆ ಚೆಂಡು ಕೋಲಿನ ಮಧ್ಯಕ್ಕೆ ತಾಗೋದೇ ಹಬ್ಬಕ್ಕೊಂದ್ಸಲ.”

“ಮತ್ತೆ, ದೂರ ಹೋಗ್ತಿರೋದು?”

ದಾರಕ್ಕೆ ಸವರುವ ಮೇಣದ ಉಂಡೆ ನೆಲದ ಮೇಲಿತ್ತು. ಆತ ಎದ್ದು ಅದನ್ನು ಬಲಗಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಹಿಡಿದ. ಬಗ್ಗದೆ, ಕೆಳಗೆ ನೋಡದೆ, ಬೇಲಿಯವರೆಗೆ ನಡೆದು ಅಲ್ಲಿ ಬಿಟ್ಟ.

“ದಿಬ್ಬದ ಆಚೆ ಬಿದ್ದ ಚೆಂಡು ಅವ್ರಿಗೆ ಕಾಣ್ಸಲ್ಲ. ಇಪ್ಪತ್ತು ಹೆಜ್ಜೆ, ಅಷ್ಟೆ.”

“ಸಾಹೇಬ್ರಿಗೆ ಗೊತ್ತಾ?”

“ಗೊತ್ತಿಲ್ದೆ ಇರತ್ತಾ? ಕೇಳಲ್ಲ.” ಮೇಣದ ಉಂಡೆ ಎತ್ತಿಕೊಂಡು ಜಗಲಿಗೆ ಬಂದು ಹೇಳಿದ: “ಬರುದ್ರೂ ಹೆಸರು ಹಾಕ್ಬೇಡಿ ಸಾರ್.”

ಹಾಕಲಿಲ್ಲ. ‘ಕ್ಯಾಡಿಯೊಬ್ಬ ಹೇಳುವಂತೆ’ ಎಂದು ಬರೆದೆ. ವಿದೇಶಿ ಕೋಲು, ದಿಬ್ಬ, ಕಾಲ್ಬೆರಳು, ಇಪ್ಪತ್ತು ಹೆಜ್ಜೆ, ಎಲ್ಲವೂ ಇತ್ತು. ಅಂಥ ಕೋಲು ಆ ಮೈದಾನದಲ್ಲಿ ಒಬ್ಬರ ಹತ್ತಿರ ಮಾತ್ರ ಇತ್ತು. ಬರೆಯುವಾಗ ಅದು ಹೊಳೆಯಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ... ಹೊಳೆದಿತ್ತು. ವರದಿ ಚೆನ್ನಾಗಿ ಬಂದಿತ್ತು.

ಅದು ಅಚ್ಚಾದ ಮೂರನೆಯ ದಿನ ಆತನ ಬಿಲ್ಲೆ ಕಿತ್ತುಕೊಂಡು ಮೈದಾನದಿಂದ ಕಳಿಸಿದರು. ವಾಚ್‌ಮನ್ ಕೆಲಸದ ಮಾತೂ ಅಲ್ಲಿಗೆ ಮುಗಿಯಿತು. ಸಂಜೆ ಆತ ನಮ್ಮ ಬಾಗಿಲಲ್ಲಿ ನಿಂತ.

“ಹೆಸರು ಹಾಕ್ಲಿಲ್ಲ ನೀವು. ಮಾತು ಉಳಿಸ್ಕೊಂಡ್ರಿ. ಒಂದ್ಸಲ ಸಾಹೇಬ್ರ ಹತ್ರ ಬಂದು ಮಾತಾಡ್ತೀರಾ?”

“ಬರ್ತೀನಿ” ಎಂದೆ.

ಮರುದಿನ ಕಚೇರಿಯಲ್ಲಿ ಸಾಹೇಬರ ಪತ್ರ ಕಾದಿತ್ತು. ಅವರ ಕಾರ್ಖಾನೆ ನಮ್ಮ ಪತ್ರಿಕೆಗೆ ಜಾಹೀರಾತು ಕೊಡುತ್ತಿತ್ತು. ‘ಕ್ಯಾಡಿಯ ಹೇಳಿಕೆಗೆ ಆಧಾರವಿಲ್ಲವೆಂದು ತಿಳಿದುಬಂದಿದೆ’ ಎಂಬ ಸ್ಪಷ್ಟನೆ ಪ್ರಕಟವಾಯಿತು. ಬರೆದವನು ನಾನೇ. ಸಾಹೇಬರ ಹತ್ತಿರ ಹೋಗಲಿಲ್ಲ.

ಸ್ಪಷ್ಟನೆ ಬಂದ ದಿನ ಆತನ ಹೆಂಡತಿ ನಮ್ಮ ಮನೆಯಿಂದ ಒಯ್ದಿದ್ದ ಜರಡಿಯನ್ನು ತಂದು ಹೊಸ್ತಿಲ ಹೊರಗೆ ಇಟ್ಟು ಹೋದಳು. ತಿಂಗಳೊಳಗೆ ಮನೆ ಖಾಲಿ ಮಾಡಿದರು. ಬೊಮ್ಮನಹಳ್ಳಿ ಕಡೆ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕೆ ಸೇರಿದನೆಂದು ಹಾಲಿನವಳು ಹೇಳಿದಳು. ಆಮೇಲೆ ಹೊಸೂರು ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಇಳಿದು ವಿಚಾರಿಸಲಿಲ್ಲ. ಆ ಗೂಡುಗಳು ಈಗ ಇಲ್ಲ.

ಜೆ.ಪಿ. ನಗರದ ಅಂಗಡಿಯಲ್ಲಿ ಗಿರಾಕಿ ಮೊದಲು ತನ್ನ ಹಳೆಯ ಕೋಲಿನಿಂದ, ಆಮೇಲೆ ಹೊಸದರಿಂದ, ಮೂಲೆಯಲ್ಲಿ ಕಟ್ಟಿದ್ದ ಬಲೆಗೆ ಚೆಂಡು ಹೊಡೆದ. ಬಯಲಲ್ಲಾದರೆ ಎಷ್ಟು ದೂರ ಹೋಗುತ್ತಿತ್ತೆಂದು ಪಕ್ಕದ ಕಂಪ್ಯೂಟರ್ ಪರದೆ ತೋರಿಸಿತು.

“ಏನ್ ಗುರು, ಡಿಫರೆನ್ಸೇ ಇಲ್ವಲ್ಲ?”

“ಕೈ ಪಳಗ್ಬೇಕು ಸಾರ್. ಇನ್ನೊಂದ್ ಹೊಡೀರಿ.”

ಸೋಮವಾರ ಪತ್ರಿಕೆಯ ಕಚೇರಿಗೆ ಹೋಗಿ ಆ ವರ್ಷದ ಸಂಪುಟ ತೆಗೆಸಿದೆ. ವರದಿಯಿದ್ದ ಪುಟವನ್ನು ಹುಳು ತಿಂದಿದೆ. ಸ್ಪಷ್ಟನೆಯನ್ನು ಈಗಲೂ ಓದಬಹುದು.