ಮಗ್ಗುಲಿಗೆರಡು ತೂತು

ಸಂಡೂರು ರಸ್ತೆಯ ಪಂಕ್ಚರ್ ಅಂಗಡಿಯ ಕಾಕಾ, ಗಣಿ ಲಾರಿಗಳ ಸವೆದ ಟೈರು ಬಂದ ಕೂಡಲೇ ಉಳಿ ಹಿಡಿಯುತ್ತಿದ್ದರು. ಎರಡೂ ಮಗ್ಗುಲಿಗೆ ಎರಡೆರಡು ತೂತು. "ನೀರು ನಿಂದ್ರಬಾರ್ದು," ಅನ್ನುತ್ತಿದ್ದರು, ಯಾರೂ ಕೇಳದಿದ್ದರೂ.

ಕಾಲುವೆ ಬಂದ ಮೇಲೆ ಊರಿಗೆ ಭತ್ತದ ಜೊತೆ ಸೊಳ್ಳೆಯೂ ಬಂದಿತ್ತು. ಹಳೆ ಟೈರಿನಲ್ಲಿ ನೀರು ನಿಂತರೆ ಅಂಗಡಿಗೆ ಬೀಗ ಎಂದು ಪುರಸಭೆ ಹುಕುಂ ಹೊರಡಿಸಿತು. ಉಳಿದವರು ಟೈರು ಸುಟ್ಟು ಕೈತೊಳೆದುಕೊಂಡರು. ಕಾಕಾ ಸುಡಲಿಲ್ಲ.

ಪುರಸಭೆಯ ಇನ್‌ಸ್ಪೆಕ್ಟರ್ ಬೀಗ ಹಿಡಿದೇ ಬಂದರು. ಅಂಗಡಿಯಲ್ಲೇ ಕೂತಿದ್ದ, ಕಾಲೇಜಿನ ಚರ್ಚಾಪಟುವಾದ ನಾನು ಅಡ್ಡ ನಿಂತೆ. "ಯಾವ ಕಾನೂನಿನಾಗ ಐತಿ, ತೋರ್ಸ್ರಿ!"

"ಲೇ ವಕೀಲಾ, ಸುಮ್ನಿರು," ಎಂದು ಕಾಕಾ ಇನ್‌ಸ್ಪೆಕ್ಟರ್ ಕೈಗೆ ತುಂಬಿದ ಕೊಡ ಕೊಟ್ಟರು. "ನಿಮಗ ಬೇಕಾದ ಟೈರಿಗೆ ಸುರುವ್ರಿ ಸಾಹೇಬ್ರ. ನೀರು ನಿಂತ್ರ ನಾನ ಬೀಗ ಹಾಕ್ತೀನಿ."

ಮೂರು ಟೈರಿಗೆ ಸುರಿದರು. ನೀರೆಲ್ಲ ಹರಿದು ಅವರ ಬೂಟನ್ನೇ ತೋಯಿಸಿತು. ಬೀಗ ಜೇಬಿಗಿಳಿಯಿತು.

"ನಿಮ್ಮ ಆಫೀಸಿನ ಹಿತ್ತಲದಾಗ ಜೀಪಿನ ಹಳೇ ಟೈರು ನೀರು ತುಂಬ್ಕೊಂಡು ಬಿದ್ದಾವಲ್ರಿ, ತೂತು ಹಾಕಿಕೊಡ್ಲೇನು?" ಎಂದರು ಕಾಕಾ.

ಇನ್‌ಸ್ಪೆಕ್ಟರ್ ನಕ್ಕೇಬಿಟ್ಟರು. "ನಾಳೆ ಬರ್ರಿ."

ಮರುದಿನ ಆ ಹಿತ್ತಲಲ್ಲಿ ಕಾಕಾ ಉಳಿ ಹೊಡೆದರು, ನಾನು ಬಾಯಿ ಮುಚ್ಚಿಕೊಂಡು ಟೈರು ಹಿಡಿದೆ. ನೋಡಲು ಕೂಡಿದ ಗುಮಾಸ್ತರು ಇದೇಕೆಂದು ಕೇಳಿದಾಗ ಮಾತ್ರ ಎದೆಯುಬ್ಬಿಸಿ ಹೇಳಿದೆ: "ನೀರು ನಿಂದ್ರಬಾರ್ದು."